ಸಾವಧಾನ

‘ದೀಕ್ಷಾ’ ಎಂಬ ಪದವನ್ನು ಆಗಮಜ್ಞರು ಎರಡಾಗಿ ಒಡೆದು ಅರ್ಥಮಾಡುವರು. ಶಿವಜ್ಞಾನವನ್ನು ಕೊಡುವುದು ಒಂದು ಭಾಗ. ಪಾಶವನ್ನು ಕ್ಷಯಗೊಳಿಸುವುದು ಇನ್ನೊಂದು ಭಾಗ. ಕೊಡುವ ಮಾತು ಎಲ್ಲರಿಗೂ ಹಿತವಾಗಿರುವುದು. ಕ್ಷಯಗೊಳಿಸುವ ಮಾತು ಬಂದೊಡನೆ ಜೀವವು ಹಿಂಜರಿಯುವುದು. ‘ನಾನು ಇಂಥವನ ಮಗ, ಇಂಥ ಮನೆತನದವನು, ಊರಲ್ಲಿ ನನಗೆ ಇಷ್ಟು ಮಾನವುಂಟು’ ಎಂಬ ಭಾವವೇ ಪೂರ್ವಾಶ್ರಯ. ಅದು ಕಳೆಯದೆ ಗುರುವಿನ ಹಸ್ತವು ಮಸ್ತಕದ ಮೇಲೆ ಇದ್ದರೂ ಇಲ್ಲದಂತೆಯೇ ಸರಿ ಎಂಬುದು ಶರಣರೆಲ್ಲರ ಒಮ್ಮತ. ಈ ಪೂರ್ವಾಶ್ರಯ ನಿರಸನವು ಮಠದ ಗದ್ದುಗೆಯ ಮುಂದೆ ಮಾತ್ರ ನಡೆಯುವುದೆಂದು ತಿಳಿಯಬೇಕಾಗಿಲ್ಲ. ದೀಕ್ಷೆಯ ಹೆಸರನ್ನೇ ಹೇಳದೆ, ಭಸ್ಮವನ್ನೇ ಧರಿಸದೆ, ಅದರ ಕಠಿಣವಾದ ಅರ್ಧವನ್ನು ನಡೆಸುವ ಸ್ಥಳಗಳು ಲೋಕದಲ್ಲಿವೆ. ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ವಿದ್ಯಾಲಯವು ಅವುಗಳಲ್ಲೊಂದು. ಅಲ್ಲಿಯ ಮೊದಲ ಕೆಲವು ವಾರಗಳೇ ಈ ಪ್ರವಚನದ ವಿಷಯ.

ಸುರಪುರ ಸೀಮೆಯ ದೇವಾಪುರದಂಥ ಊರಿಗೆ ಇದು ದೂರದ ವಿಷಯವೆಂದು ಯಾರೂ ಎಣಿಸಬಾರದು. ಯುದ್ಧವಿದ್ಯೆಯು ಈ ನೆಲಕ್ಕೆ ಹೊಸದಲ್ಲ. ಸುರಪುರದ ನಾಯಕರ ಬೇಡ ಪಡೆಯು ಕೋಟೆಗುಡ್ಡಗಳನ್ನು ಕಾದ ಶೌರ್ಯವು ಚರಿತ್ರೆಯಲ್ಲಿದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಪರಕೀಯರ ಸೈನ್ಯವನ್ನು ಎದುರಿಸಿ, ಹಿಡಿಯಲ್ಪಟ್ಟು, ಆ ವರ್ಷವೇ ತಾರುಣ್ಯದಲ್ಲಿ ಪ್ರಾಣ ಕಳೆದುಕೊಂಡರು. ಅದೇ ಸೀಮೆಯ ಮುದನೂರು ದೇವರ ದಾಸಿಮಯ್ಯನವರ ಊರು. ಅವರು ಹಿಡಿದದ್ದು ಮಗ್ಗದ ಲಾಳಿ, ಖಡ್ಗವಲ್ಲ. ಆದರೆ ಮಗ್ಗದ ಮುಂದೆ ಕುಳಿತವನಿಗೆ ಒಂದು ಎಳೆ ತಪ್ಪಿದರೆ ಬಟ್ಟೆಯೇ ಕೆಟ್ಟಿತು ಎಂಬ ಎಚ್ಚರ ಇರಬೇಕಾಗುವುದು. ಬೇಡನ ಧೈರ್ಯ, ನೇಕಾರನ ಎಚ್ಚರ, ಇವೆರಡೂ ಈ ನೆಲದ ಆಸ್ತಿ. ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಕಟ್ಟಿಕೊಂಡು ಸೈನ್ಯದ ಶಾಲೆಗೆ ಹೋದ ಹುಡುಗನು ಮೊದಲ ವಾರದಲ್ಲಿಯೇ ಕಂಗೆಡುವನು.

ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಸಿಂಹಗಡದ ಕೋಟೆ ಕಾಣುವಷ್ಟು ಹತ್ತಿರ, ಜಲಾಶಯದ ದಡದ ಮೇಲೆ, ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. 1949ರ ಅಕ್ಟೋಬರದಲ್ಲಿ ಅದಕ್ಕೆ ಅಸ್ತಿಭಾರ ಬಿದ್ದಿತು. 1955ರಿಂದ ಅಲ್ಲಿ ಶಿಕ್ಷಣ ನಡೆಯುತ್ತಿದೆ. ‘ಸೇವಾ ಪರಮೋ ಧರ್ಮಃ’ ಎಂಬುದು ಅದರ ಧ್ಯೇಯವಾಕ್ಯ. ದಾಸೋಹವನ್ನು ಬಲ್ಲ ಭಕ್ತನಿಗೆ ಇದಕ್ಕೆ ಭಾಷ್ಯ ಬೇಡ. ಹನ್ನೆರಡನೆಯ ತರಗತಿಯ ವಿದ್ಯೆ, ಕೇಂದ್ರ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ, ಅನಂತರ ಐದು ದಿನಗಳ ಆಯ್ಕೆ ಮಂಡಳಿಯ ಪರೀಕ್ಷೆ, ವೈದ್ಯರ ತಪಾಸಣೆ, ಇಷ್ಟನ್ನು ದಾಟಿದ ಹದಿನೆಂಟರ ಆಸುಪಾಸಿನ ಮಕ್ಕಳು ಅಲ್ಲಿಗೆ ಸೇರುವರು. ಶಿಕ್ಷಣವು ಮೂರು ವರ್ಷ, ಆರು ಅವಧಿ. 2022ರಿಂದ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯಿತು. ಅವರ ಮೊದಲ ತಂಡದಲ್ಲಿ 17 ಮಂದಿ 2025ರ ಮೇ ತಿಂಗಳಲ್ಲಿ ತೇರ್ಗಡೆಯಾಗಿ ಹೊರಬಂದರು. ಆದ್ದರಿಂದ ಇಲ್ಲಿ ಮಗನೆಂದು ಹೇಳಿದಲ್ಲೆಲ್ಲ ಮಗಳೆಂದೂ ಓದಿಕೊಳ್ಳಬಹುದು.

ದೇವಾಪುರದ ಎರೆಹೊಲದ ಒಕ್ಕಲಿಗನೊಬ್ಬನ ಮಗನು ಹೀಗೆ ಆಯ್ಕೆಯಾದನೆಂದು ಭಾವಿಸೋಣ. ಊರಿಗೆ ಊರೇ ಹಾರ ಹಾಕಿತು, ಶಾಲೆಯಲ್ಲಿ ಸನ್ಮಾನವಾಯಿತು, ಬಂಧುಗಳು ‘ಸಾಹೇಬ’ ಎಂದು ಕರೆದೂ ಬಿಟ್ಟರು. ಆ ಹಾರದ ಹೂವು ಬಾಡುವುದಕ್ಕೆ ಮುಂಚೆಯೇ ಅವನು ಅಕಾಡೆಮಿಯ ಕ್ಷೌರಿಕನ ಮುಂದೆ ಕುಳಿತಿರುವನು. ತಲೆಗೂದಲು ಹೋಯಿತು. ಊರ ಬಟ್ಟೆ ಪೆಟ್ಟಿಗೆ ಸೇರಿತು. ಮಂತ್ರಿಯ ಮಗನೂ ಮೇಸ್ತ್ರಿಯ ಮಗನೂ ಒಂದೇ ಉಡುಪಿನಲ್ಲಿ, ಒಂದೇ ಸಾಲಿನಲ್ಲಿ, ಒಂದೇ ಬಗೆಯ ಬೈಸಿಕಲ್ಲಿನ ಪಕ್ಕದಲ್ಲಿ ನಿಂತರು. ಬೆಳಕು ಹರಿಯುವ ಮೊದಲೇ ಏಳಬೇಕು. ವ್ಯಾಯಾಮ, ಕವಾಯತು, ಪಾಠ, ಆಟ, ರಾತ್ರಿಯ ಅಧ್ಯಯನ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಟ್ಟೆ ಬದಲಿಸುವಷ್ಟೇ ಬಿಡುವು. ನಿಂತದ್ದು ತಪ್ಪು, ನಡೆದದ್ದು ತಪ್ಪು, ಹಾಸಿಗೆ ಮಡಿಸಿದ್ದು ತಪ್ಪು. ಪಾಠವು ಇಂಗ್ಲಿಷಿನಲ್ಲಿ, ಕವಾಯತಿನ ಆಜ್ಞೆ ಹಿಂದಿಯಲ್ಲಿ. ಕನ್ನಡವು ಮನಸ್ಸಿನೊಳಗೆ ಮಾತ್ರ. ಊರಿನಲ್ಲಿ ಮೊದಲಿಗನಾಗಿದ್ದವನು ಇಲ್ಲಿ ಎಲ್ಲರಿಗಿಂತ ಹಿಂದಿನವನಾಗಿರುವನು. ಇದೇ ಕ್ಷಯದ ಅರ್ಧ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿದರೆಂದು ಪುರಾಣಗಳು ಹೇಳುವುವು. ಅರಮನೆಯನ್ನು ಬಿಟ್ಟ ದಿನ ಅವರಿಗೆ ಅಷ್ಟು ಕಷ್ಟವಾಗಿರಲಾರದು. ಮೊದಲ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ಬೀದಿಯಲ್ಲಿ ಬೆಲೆ ಕೂಗಿದ ದಿನವೇ ನಿಜವಾದ ಪರೀಕ್ಷೆಯಾಗಿದ್ದಿರಬೇಕು.

ಈ ಪದ್ಧತಿ ಭಾರತಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕ ದೇಶದಲ್ಲಿ ಹಡ್ಸನ್ ನದಿಯ ದಡದ ವೆಸ್ಟ್ ಪಾಯಿಂಟ್ ಎಂಬಲ್ಲಿ 1802ರಲ್ಲಿ ಸ್ಥಾಪಿತವಾದ ಸೈನಿಕ ವಿದ್ಯಾಲಯವಿದೆ. ಅಲ್ಲಿ ಹೊಸಬರು ಬೇಸಗೆಯಲ್ಲಿ ಸೇರುವರು. ತಂದೆತಾಯಿಗಳಿಗೆ ವಿದಾಯ ಹೇಳಲು ಒಂದೆರಡು ನಿಮಿಷ ಮಾತ್ರ ಕೊಡುವರು. ಅನಂತರ ಆರೇಳು ವಾರ ಕಠಿಣವಾದ ಪ್ರಾಥಮಿಕ ಶಿಕ್ಷಣ. ಆ ದಿನಗಳಲ್ಲಿ ಹೊಸಬನಿಗೆ ನಾಲ್ಕೇ ಉತ್ತರಗಳಿಗೆ ಅವಕಾಶವೆಂಬುದು ಅಲ್ಲಿಯ ಹಳೆಯ ಸಂಪ್ರದಾಯ. ಹೌದು, ಅಲ್ಲ, ನೆಪವಿಲ್ಲ, ತಿಳಿಯಲಿಲ್ಲ. ಹದಿನೆಂಟು ವರ್ಷ ಮಾತಾಡಿ ಬೆಳೆದವನ ನಾಲಗೆಗೆ ಇದು ದೊಡ್ಡ ಉಪವಾಸ. ನಾಲ್ಕರಲ್ಲಿ ಮೂರನೆಯದು ಅತಿ ಕಠಿಣ. ‘ಬೂಟಿನ ಮೇಲೆ ಧೂಳೇಕೆ?’ ಎಂದು ಕೇಳಿದರೆ ‘ಮುಂದಿನವನು ತುಳಿದ’ ಎನ್ನುವುದು ಸತ್ಯವೇ ಆಗಿರಬಹುದು. ಆದರೂ ‘ನೆಪವಿಲ್ಲ’ ಎನ್ನಬೇಕು. ಏಕೆಂದರೆ ಮುಂದೆ ಅವನ ಕೈಕೆಳಗೆ ಮೂವತ್ತು ಜನರ ಪ್ರಾಣವಿರುವುದು. ಅಂದು ಕಾರಣವು ಎಷ್ಟೇ ಸತ್ಯವಾಗಿದ್ದರೂ ಸತ್ತವನು ಎದ್ದು ಬರುವುದಿಲ್ಲ.

ಇಲ್ಲಿ ದೇವಾಪುರಕ್ಕೆ ಬಹು ದೂರವಲ್ಲದ ಅಮರೇಶ್ವರ ಕ್ಷೇತ್ರದ ಆಯ್ದಕ್ಕಿ ಮಾರಯ್ಯನವರನ್ನು ನೆನೆಯುವುದು ಯುಕ್ತ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಬಂದಿತು. ಪತ್ನಿ ಲಕ್ಕಮ್ಮನವರು ಅದನ್ನು ಮನೆಯೊಳಗೆ ತೆಗೆದುಕೊಳ್ಳಲಿಲ್ಲ. ಅಗತ್ಯಕ್ಕೆ ಮೀರಿದುದು ಆಸೆಯೆಂದು ಹೇಳಿ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದರು. ಮಾರಯ್ಯನವರು ಹಿಂದಿರುಗಿ ಸುರಿದು ಬಂದರು. ಕತೆ ಎಲ್ಲರಿಗೂ ಗೊತ್ತು. ಪ್ರವಚನಕಾರರು ಸಾಮಾನ್ಯವಾಗಿ ಲಕ್ಕಮ್ಮನವರ ನಿಷ್ಠೆಯನ್ನೇ ಹೊಗಳಿ ಮುಂದೆ ಸಾಗುವರು. ಮಾರಯ್ಯನವರ ಹಿಂದಿರುಗುವಿಕೆಯ ಕಡೆಗೂ ಕಣ್ಣು ಹಾಯಿಸಬೇಕು. ಅವರಿಗೆ ಹೇಳಲು ನೆಪಗಳು ಬೇಕಾದಷ್ಟಿದ್ದುವು. ಕದ್ದದ್ದಲ್ಲ, ಬಿದ್ದದ್ದು; ಜಂಗಮರಿಗೇ ಬಡಿಸುವುದು; ಹೊರೆ ಹೊತ್ತು ಬಂದ ದಣಿವಿದೆ. ಒಂದನ್ನಾದರೂ ಅವರು ಹೂಡಿದರೆಂದು ಕತೆ ಹೇಳುವುದಿಲ್ಲ. ತಿದ್ದುವಿಕೆಯನ್ನು ಅವಮಾನವೆಂದು ಎಣಿಸದೆ, ತಿದ್ದಿದವರ ಮೇಲೆ ಮುನಿಯದೆ, ಬಂದ ದಾರಿಯಲ್ಲೇ ಕಾಲು ತಿರುಗಿಸುವ ಶಕ್ತಿ ಯಾವುದುಂಟೋ, ಸೈನ್ಯದ ಶಾಲೆಯ ಮೊದಲ ವಾರಗಳನ್ನು ದಾಟಿಸುವುದು ಅದೊಂದೇ. ಬಾಹುಬಲವು ಅಲ್ಲಿ ಎರಡನೆಯದು.

ಇನ್ನು ಆ ಕವಾಯತಿನ ಅಂಗಳದಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ಆಜ್ಞೆ ಯಾವುದು? ‘ಸಾವಧಾನ’. ಹಿಂದಿಯವರ ಬಾಯಲ್ಲಿ ಬಂದರೂ ಪದವು ಸಂಸ್ಕೃತದ್ದು. ಅವಧಾನದಿಂದ ಕೂಡಿರು ಎಂದರ್ಥ. ಷಟ್‌ಸ್ಥಲವನ್ನು ಬಲ್ಲ ಭಕ್ತರು ಇಲ್ಲಿ ನಿಲ್ಲಬೇಕು. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ. ಮೂರನೆಯದಾದ ಪ್ರಸಾದಿಸ್ಥಲಕ್ಕೆ ಅವಧಾನ ಭಕ್ತಿಯೆಂದು ನಮ್ಮ ಶಾಸ್ತ್ರ. ಶ್ರದ್ಧೆಯಿದ್ದವನು ಅರ್ಜಿ ಹಾಕುವನು. ನಿಷ್ಠೆಯಿದ್ದವನು ಪರೀಕ್ಷೆ ಗೆಲ್ಲುವನು. ಆದರೆ ಬಂದುದನ್ನು ಪ್ರಸಾದವೆಂದು ಕೈಚಾಚಿ ಕೊಳ್ಳುವಾಗ ಒಂದು ಅಗುಳೂ ಚೆಲ್ಲದಂತೆ ಇರಬೇಕಾದ ಎಚ್ಚರವು ಬೇರೆಯದೇ. ಹೊಸ ಕೆಡೆಟ್ಟನ ಮುಂದೆ ಮೂರು ವರ್ಷಗಳ ಪರ್ವತವಿದೆ. ಅದನ್ನು ನೋಡುತ್ತ ನಿಂತರೆ ಎದೆ ಕುಸಿಯುವುದು. ಅವಧಾನಿಯಾದವನು ಪರ್ವತವನ್ನು ನೋಡನು. ಈಗ ಬೂಟಿಗೆ ಬಣ್ಣ ಹಚ್ಚುವುದಿದೆ, ಅದನ್ನು ಹಚ್ಚುವನು. ಈಗ ಗುಂಡಿ ಹೊಲಿಯುವುದಿದೆ, ಹೊಲಿಯುವನು. ಮುಂದಿನ ಊಟದವರೆಗೆ ನಿಂತರೆ ಸಾಕು, ಆಮೇಲೆ ರಾತ್ರಿಯವರೆಗೆ ನಿಂತರೆ ಸಾಕು, ಎಂದು ದಿನವನ್ನು ಗೇಣುಗೇಣಾಗಿ ಅಳೆದು ನಡೆದವನು ವಾರಗಳನ್ನು ದಾಟುವನು. ಇದು ಹೇಡಿಯ ಉಪಾಯವಲ್ಲ. ಮಗ್ಗದ ಮುಂದೆ ಕುಳಿತವನು ಇಡೀ ಸೀರೆಯನ್ನು ನೆಯ್ಯುವುದಿಲ್ಲ. ಒಂದು ಲಾಳಿ ಎಸೆಯುವನು, ಅಷ್ಟೆ.

ದೇಹದ ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ದೇಹವೇ ದೇಗುಲವೆಂದ ಸಮಾಜದಲ್ಲಿ ದೇಹದ ಅಲಕ್ಷ್ಯವು ಭಕ್ತಿಯಾಗದು. ಅಕಾಡೆಮಿಗೆ ಹೋಗುವ ಮುನ್ನ 15 ನಿಮಿಷಗಳಲ್ಲಿ 2ರಿಂದ 4 ಕಿಲೋಮೀಟರ್ ಓಟ, ಕನಿಷ್ಠ 20 ದಂಡ, ಮಲಗಿ ಏಳುವ ವ್ಯಾಯಾಮ 20, ಕಂಬಿ ಹಿಡಿದು ಗದ್ದ ಮೇಲೆತ್ತುವುದು 8, ಹಗ್ಗದಲ್ಲಿ 3-4 ಮೀಟರ್ ಏರುವುದು, ಇಷ್ಟನ್ನು ಅಭ್ಯಾಸ ಮಾಡಿಕೊಂಡು ಬರಬೇಕೆಂದು ಪರೀಕ್ಷೆಯ ಪ್ರಕಟಣೆಯೇ ಸೂಚಿಸುತ್ತ ಬಂದಿದೆ. ನಾರಾಯಣಪುರದ ಎಡದಂಡೆ ಕಾಲುವೆಯ ಏರಿಯ ಮೇಲೆ ಮುಂಜಾವದಲ್ಲಿ ಓಡುವುದಕ್ಕೆ ಯಾರ ಅಪ್ಪಣೆಯೂ ಬೇಡ, ಹಣವೂ ಬೇಡ. ಆದರೆ ಕೊನೆಯ ಹದಿನೈದು ದಿನದಲ್ಲಿ ಒಮ್ಮೆಲೇ ಓಡಿದರೆ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚು. ಅಭ್ಯಾಸವಿಲ್ಲದ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಭಾರವು ಏಕಾಏಕಿ ಹೆಚ್ಚಿದಾಗ ಕೂದಲೆಳೆಯಂಥ ಬಿರುಕು ಬಿಡುವುದುಂಟು. ಹೊಸ ಸೈನಿಕರನ್ನು ಕೆಡಹುವ ಸಾಮಾನ್ಯ ಗಾಯಗಳಲ್ಲಿ ಇದೊಂದು. ತಿಂಗಳುಗಟ್ಟಲೆ ಮೊದಲೇ ಆರಂಭಿಸಿ, ವಾರವಾರಕ್ಕೆ ಸ್ವಲ್ಪಸ್ವಲ್ಪ ಏರಿಸಬೇಕು. ಹೊಸ ಬೂಟನ್ನು ಮನೆಯಲ್ಲಿಯೇ ಹಾಕಿ ನಡೆದು ಪಳಗಿಸಬೇಕು. ಬಿಸಿಲಿಗೆ ಶರೀರವು ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಸುರಪುರದ ಬೇಸಗೆಯಲ್ಲಿ ಹೊಲಗೆಲಸ ಮಾಡಿದ ಹುಡುಗನಿಗೆ ಈ ಒಂದು ವಿಷಯದಲ್ಲಿ ನಗರದವನಿಗಿಂತ ಮೇಲುಗೈ ಇರುವುದು. ಆದರೂ ದಾಹವಾಗುವ ಮೊದಲೇ ನೀರು ಕುಡಿಯುವ ರೂಢಿ ಅವನಿಗೂ ಬೇಕು.

ಇಲ್ಲಿ ಒಂದು ವಿವೇಕವಿದೆ. ‘ನೆಪವಿಲ್ಲ’ ಎನ್ನುವುದು ತಪ್ಪಿಗೆ ಸಂಬಂಧಿಸಿದ ಮಾತು, ಗಾಯಕ್ಕೆ ಸಂಬಂಧಿಸಿದುದಲ್ಲ. ಕಾಲಿನ ಎಲುಬು ರಾತ್ರಿಯೂ ನೋಯುತ್ತಿದ್ದರೆ, ಮೂತ್ರದ ಬಣ್ಣ ಕಪ್ಪಾದರೆ, ಬಿಸಿಲಿನಲ್ಲಿ ಬುದ್ಧಿ ಮಂಕಾದರೆ, ಅದನ್ನು ಮುಚ್ಚಿಡುವುದು ಶೌರ್ಯವಲ್ಲ, ಮೌಢ್ಯ. ಒಡನೆಯೇ ವೈದ್ಯರಿಗೆ ಹೇಳಬೇಕು. ಶಿಕ್ಷಣದ ಕಾಲದಲ್ಲಿ ಅಂಗವಿಕಲರಾಗಿ ಹೊರಬಿದ್ದು, ಅಧಿಕಾರಿಯೂ ಆಗದೆ, ನಿವೃತ್ತ ಸೈನಿಕನೆನಿಸದೆ ಉಳಿದ ಕೆಡೆಟ್ಟರ ಸ್ಥಿತಿಯನ್ನು 2025ರ ಆಗಸ್ಟಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತೆಂಬುದನ್ನು ಮಕ್ಕಳನ್ನು ಕಳುಹಿಸುವವರು ತಿಳಿದಿರಬೇಕು. ಹಾರ ಹಾಕುವ ದಿನ ಇದನ್ನು ಯಾರೂ ಹೇಳುವುದಿಲ್ಲ.

ಅಂತೆಯೇ ಕಠಿಣ ಶಿಕ್ಷಣಕ್ಕೂ ಕ್ರೌರ್ಯಕ್ಕೂ ಭೇದವುಂಟು. ಹಿರಿಯ ವಿದ್ಯಾರ್ಥಿಯೊಬ್ಬನು ತನ್ನ ವಿನೋದಕ್ಕಾಗಿ ಕಿರಿಯನ ಮಾನ ಕಳೆದರೆ, ಹೊಡೆದರೆ, ಅದು ದೀಕ್ಷೆಯ ಕ್ಷಯವಲ್ಲ, ಹಿಂಸೆ. ಭೇದವನ್ನು ಅರಿಯಲು ಅನುಭವಮಂಟಪದ ದ್ವಾರದ ಬಳಿಗೆ ಹೋಗಬೇಕು. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಎಂಥ ಕಟುವಾದ ಪ್ರಶ್ನೆಗಳನ್ನು ಕೇಳಿದರೆಂಬುದು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಪತಿ ಯಾರು, ದೇಹಭಾವ ಅಳಿದಿದ್ದರೆ ಕೇಶದಿಂದ ದೇಹವನ್ನು ಮರೆಮಾಡಿದುದೇಕೆ, ಎಂದು ಕೇಳಿದರು. ತರುಣಿಯೊಬ್ಬಳನ್ನು ತುಂಬಿದ ಸಭೆಯಲ್ಲಿ ಹೀಗೆ ಕೇಳುವುದು ಉಚಿತವೇ ಎಂದು ಓದುವವನಿಗೆ ಅಳುಕಾಗುವುದು ಸಹಜ. ಆದರೆ ಪ್ರಶ್ನೆಯ ಹಿಂದೆ ಪ್ರಭುವಿಗೆ ಸ್ವಂತ ಸುಖವಿರಲಿಲ್ಲ. ಅದು ನಡೆದುದು ಶರಣರೆಲ್ಲರ ಕಣ್ಣೆದುರಿಗೆ. ಉತ್ತರ ಬಂದೊಡನೆ ಅದೇ ಪ್ರಭು ತಲೆಬಾಗಿದನು. ಮುಚ್ಚಿದ ಬಾಗಿಲ ಹಿಂದೆ, ರಾತ್ರಿಯಲ್ಲಿ, ಮೇಲಧಿಕಾರಿಗಳಿಗೆ ತಿಳಿಯಬಾರದೆಂದು ನಡೆಯುವುದೆಲ್ಲ ಬೇರೆಯೇ ಜಾತಿಯದು. ಅಂಥದನ್ನು ಸಹಿಸುವುದು ಶಿಸ್ತಿನ ಲಕ್ಷಣವಲ್ಲವೆಂದು ಮಗನಿಗೆ ಹೋಗುವ ಮೊದಲೇ ಹೇಳಿ ಕಳುಹಿಸಬೇಕು.

ಆಚಾರವಂತ ಮನೆಗಳಲ್ಲಿ ಏಳುವ ಪ್ರಶ್ನೆ ಇನ್ನೊಂದು: ಮೂರು ಹೊತ್ತಿನ ಲಿಂಗಪೂಜೆ ಅಲ್ಲಿ ಹೇಗೆ? ವಾಸ್ತವವಾಗಿ ಮನೆಯಲ್ಲಿ ನಡೆದಂತೆ ನಡೆಯದು. ಸೀಟಿ ಊದಿದಾಗ ‘ಪೂಜೆ ಮುಗಿದಿಲ್ಲ’ ಎನ್ನುವಂತಿಲ್ಲ. ಹಾಗೆಂದು ಪೂಜೆಯೇ ತಪ್ಪಿತೆಂದು ತಾಯಂದಿರು ಕಳವಳಪಡಬೇಕಾಗಿಲ್ಲ. ಕಾಯಕದಲ್ಲಿ ತೊಡಗಿದವನಿಗೆ ಗುರುಲಿಂಗಜಂಗಮರ ಸೇವೆಯೂ ಅನಂತರದ್ದೆಂದು ತೀರ್ಮಾನ ಕೊಟ್ಟವರು ಆಗಲೇ ಹೇಳಿದ ಮಾರಯ್ಯನವರೇ. ಎಲ್ಲರಿಗಿಂತ ಹತ್ತು ನಿಮಿಷ ಮೊದಲು ಎದ್ದು, ವಿಭೂತಿಯನ್ನು ತೆಳುವಾಗಿ ಧರಿಸಿ, ಒಂದು ಕ್ಷಣ ದೃಷ್ಟಿ ನಿಲ್ಲಿಸಿದರೆ ಸಾಕು. ಆ ಹತ್ತು ನಿಮಿಷದ ನಿದ್ದೆಯು ಅಲ್ಲಿ ಹೊನ್ನಿಗಿಂತ ಬೆಲೆಯುಳ್ಳದ್ದು. ಅದನ್ನು ಅರ್ಪಿಸಿದವನ ಪೂಜೆ ಊರಿನ ಗಂಟೆಗಟ್ಟಲೆ ಪೂಜೆಗೆ ಕಡಮೆಯಾಗದು. ಪಂಕ್ತಿಯಲ್ಲಿ ಪಕ್ಕದವನು ಯಾವ ಜಾತಿ, ಯಾವ ಆಹಾರದವನು ಎಂದು ಮುಖ ತಿರುಗಿಸುವ ಹುಡುಗನು ಮಾತ್ರ ಅಲ್ಲಿಗೆ ಹೋಗದಿರುವುದೇ ಲೇಸು. ರಾತ್ರಿ ಇವನ ಕಾಲಿನ ಬೊಬ್ಬೆಗೆ ಪಟ್ಟಿ ಕಟ್ಟುವವನು ಅವನೇ. ಒಬ್ಬನೇ ಗೆಲ್ಲಬೇಕೆಂದು ಹೊರಟವನು ಮೊದಲು ಸೋಲುವ ಸ್ಥಳವದು. ತನ್ನ ಕೆಲಸ ಮುಗಿದ ಮೇಲೆ ಪಕ್ಕದವನ ಹಾಸಿಗೆ ಮಡಿಸಲು ಕೈ ಹಾಕಿದವನು ತಾನೂ ಉಳಿಯುವನು, ಅವನನ್ನೂ ಉಳಿಸುವನು. ದಾಸೋಹದ ಈ ಗುಟ್ಟನ್ನು ಅಲ್ಲಿಯ ಹಿರಿಯರು ಬೇರೆ ಹೆಸರಿನಿಂದ ಕಲಿಸುವರು.

ಇನ್ನು ಮನೆಯವರ ಕರ್ತವ್ಯ. ಎರಡನೆಯ ಅಥವಾ ಮೂರನೆಯ ವಾರದಲ್ಲಿ, ದೊರೆತ ಅಲ್ಪ ಸಮಯದಲ್ಲಿ, ದೂರವಾಣಿಯಿಂದ ಒಂದು ಧ್ವನಿ ಬರಬಹುದು: ‘ಯವ್ವಾ, ನನ್ನ ಕೈಲೆ ಆಗಂಗಿಲ್ಲ, ಬಂದು ಕರಕೊಂಡು ಹೋಗ್ರಿ.’ ಹೆತ್ತ ಕರುಳು ಅಂದೇ ಪುಣೆಯ ರೈಲು ಹತ್ತಲು ಸಿದ್ಧವಾಗುವುದು. ತಂದೆಯ ಬಾಯಿಂದ ‘ನಮ್ಮ ಮಾನ ಕಳೀಬ್ಯಾಡ’ ಎಂಬ ಮಾತು ಬರುವುದು. ಎರಡೂ ಸಲ್ಲದು. ಮೊದಲನೆಯದು ಮಗನನ್ನು ಮೋಹದಿಂದ ಎಳೆಯುವುದು. ಎರಡನೆಯದು ಅವನು ಈಗತಾನೆ ಕಳಚುತ್ತಿರುವ ಪೂರ್ವಾಶ್ರಯವನ್ನೇ ಮತ್ತೆ ಅವನ ಹೆಗಲಿಗೆ ಏರಿಸುವುದು. ‘ಉಂಡಿ ಏನಪಾ? ಕಾಲು ಹ್ಯಾಂಗದಾವ? ನಿದ್ದಿ ಆಗ್ತದೇನು? ಗೆಳ್ಯಾರು ಯಾರ್ಯಾರದಾರ?’ ಎಂದು ಕೇಳಿದರೆ ಸಾಕು. ಈ ನಾಲ್ಕು ಪ್ರಶ್ನೆಗಳಿಗೆ ಬರುವ ಉತ್ತರದಿಂದಲೇ ಅದು ದಣಿವಿನ ಮಾತೋ, ಗಾಯದ ಮಾತೋ, ಭಯದ ಮಾತೋ ಎಂಬುದು ತಿಳಿಯುವುದು. ದಣಿವಾದರೆ ‘ಇನ್ನೊಂದು ಐತವಾರ ನೋಡು’ ಎನ್ನಬೇಕು. ಗಾಯವಾದರೆ ವೈದ್ಯರಲ್ಲಿಗೆ ಹೋಗೆನ್ನಬೇಕು. ಭಯವಾದರೆ, ಯಾರಿಂದ ಎಂದು ಕೇಳಿ, ಅಕಾಡೆಮಿಯ ಅಧಿಕಾರಿಗಳಿಗೆ ಪತ್ರ ಬರೆಯಬೇಕು.

ತನ್ನಿಚ್ಛೆಯಿಂದ ನಡುವೆ ಬಿಟ್ಟು ಬಂದರೆ ಶಿಕ್ಷಣದ ವೆಚ್ಚವನ್ನು ತುಂಬಿಕೊಡಬೇಕೆಂದು ಪಾಲಕರು ಸೇರುವಾಗಲೇ ಮುಚ್ಚಳಿಕೆ ಬರೆದುಕೊಟ್ಟಿರುವರು. ಅದನ್ನು ಓದದೆ ಸಹಿ ಮಾಡಿದ ಮನೆಗಳೂ ಇದ್ದಾವು. ಓದಿಯೇ ಸಹಿ ಮಾಡಬೇಕು. ಆದರೆ ಆ ಮೊತ್ತದ ಭಯದಿಂದಲೇ ಮಗನನ್ನು ಅಲ್ಲಿ ಕಟ್ಟಿಹಾಕುವುದು ತಂದೆಯ ಧರ್ಮವಲ್ಲ. ಕೆಲವರನ್ನು ಒಂದು ಅವಧಿ ಹಿಂದಕ್ಕೆ ಹಾಕುವರು, ಅದು ಸೋಲಲ್ಲ. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರ ಹೆಸರನ್ನು ನಾಡೆಲ್ಲ ಕೇಳಿದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹೂತಿದ್ದು ಉಸಿರಿನೊಡನೆ ದೊರೆತು, 11ನೆಯ ತಾರೀಕು ದಿಲ್ಲಿಯಲ್ಲಿ ಲಿಂಗೈಕ್ಯರಾದ ಆ ವೀರರು, ಮದ್ರಾಸ್ ರೆಜಿಮೆಂಟಿಗೆ ಆಯ್ಕೆಯಾಗುವ ಮೊದಲು ಮೂರು ಸಲ ಸೈನ್ಯದಿಂದ ತಿರಸ್ಕೃತರಾಗಿದ್ದರೆಂದು ಅಂದಿನ ಪತ್ರಿಕೆಗಳು ಬರೆದುವು. ಮತ್ತೆ ಕೆಲವು ಮಕ್ಕಳಿಗೆ ಆ ದಾರಿ ನಿಜವಾಗಿಯೂ ತಮ್ಮದಲ್ಲವೆಂದು ಅಲ್ಲಿಯೇ ತಿಳಿಯುವುದು. ಅಂಥವನು ಹಿಂದಿರುಗಿದ ಸಂಜೆ, ಹಾರ ಹಾಕಿದ ಊರೇ ಕಟ್ಟೆಯ ಮೇಲೆ ಕುಳಿತು ನಕ್ಕರೆ, ಪಾಪವು ಊರಿನದು. ಅವನ ಕಾಯಕವು ಬೇರೆ ಕಡೆ ಕಾದಿರುವುದು.

ನಿಂತವರಿಗೆ ಮೊದಲ ಅವಧಿಯಲ್ಲಿಯೇ ಕವಾಯತಿನ ಪರೀಕ್ಷೆಯೊಂದುಂಟು. ನಿಲ್ಲುವುದು, ತಿರುಗುವುದು, ವಂದಿಸುವುದು, ಇಷ್ಟರಲ್ಲಿ ಲೋಪವಿಲ್ಲವೆಂದು ಅಧಿಕಾರಿಗಳು ಒಪ್ಪಬೇಕು. ಒಪ್ಪುವವರೆಗೆ ಅಕಾಡೆಮಿಯ ಆವರಣದಿಂದ ಹೊರಗೆ ಬಿಡುವುದಿಲ್ಲ. ತಪ್ಪಿದವನು ಮತ್ತೆ ಪರೀಕ್ಷೆಗೆ ನಿಲ್ಲುವನು. ಗೆದ್ದವನು ಬಿಡುವಿನ ದಿನ ಪುಣೆಯ ಪೇಟೆಗೆ ಹೋಗಿ, ಮನೆಗೆ ಒಂದು ಕರೆ ಮಾಡಿ, ಸಂಜೆಯ ಹಾಜರಿಗೆ ಹಿಂದಿರುಗುವನು. ಮುಂದೆ ಇನ್ನೂ ಐದು ಅವಧಿಗಳಿವೆ.